ಮೇಯರ್ ಕುರ್ಚಿ ಯಾರದು? ಸಿಡ್ನಿಯ ಲೈಕಾರ್ಟ್ ಪೌರಸಭೆಯ ಕಥೆ

(ಗಿರಣಿ ಕೆಲಸಗಾರರ ವಾಚನಾಲಯದಲ್ಲಿ ಭಾನುವಾರ ಸಂಜೆ ಮಾಡಿದ ಭಾಷಣದ ಪಾಠ)



ಈ ಸಂಜೆ ನಾನು ಹೇಳಹೊರಟಿರುವುದು ಬಹು ದೂರದ ಊರೊಂದರ ಸಮಾಚಾರ. ಆಸ್ಟ್ರೇಲಿಯಾ ದೇಶದ ಸಿಡ್ನಿ ನಗರದ ಮಗ್ಗುಲಲ್ಲಿ ಲೈಕಾರ್ಟ್ ಎಂಬ ಮುನಿಸಿಪಾಲಿಟಿಯೊಂದು ಇತ್ತು. ಇತ್ತು ಎಂದೆ, ಈಗ ಇಲ್ಲ. 1871ರಲ್ಲಿ ಹುಟ್ಟಿ 2016ರಲ್ಲಿ ಸರ್ಕಾರದ ಒಂದು ಆಜ್ಞೆಯಿಂದ ಹೋಯಿತು. ಈ ಕಾಲದಲ್ಲಿ ಅಲ್ಲಿಯ ಮೇಯರ್ ಕುರ್ಚಿಯ ಮೇಲೆ ಎಂಥವರು ಕುಳಿತರು, ಯಾರ ಬಲದಿಂದ ಕುಳಿತರು, ಕುಳಿತು ಏನು ಮಾಡಿದರು ಎಂಬುದೇ ಇವತ್ತಿನ ವಿಷಯ. ಹೆಸರಿನ ಪಟ್ಟಿ ಓದಿ ನಿಮಗೆ ಬೇಸರ ತರುವುದಿಲ್ಲ. ಪಟ್ಟಿಯಾದರೆ ಯಾವ ಟೌನ್ ಹಾಲಿನ ಗೋಡೆಯ ಮೇಲೂ ಸಿಗುತ್ತದೆ.

ಒಳಗೆ ಬರುವಾಗ ಬಾಗಿಲ ಬಳಿ ನಮ್ಮ ವರ್ತಕರೊಬ್ಬರು ನನ್ನನ್ನು ತಡೆದು, "ಮೇಯರ್ ಯಾರಾದರೇನು ಸ್ವಾಮಿ, ಚರಂಡಿ ತೆಗೆಸಿದರೆ ಸಾಕು" ಎಂದರು. ಮಾತು ಸರಿಯೆ. ಆದರೆ ಯಾರ ಬೀದಿಯ ಚರಂಡಿ ಮೊದಲು ತೆಗೆಯಬೇಕೆಂದು ಗೊತ್ತುಮಾಡುವವರು ಯಾರು? ಅಲ್ಲಿಂದಲೇ ರಾಜಕೀಯ ಶುರುವಾಗುತ್ತದಲ್ಲವೆ?

ಲೈಕಾರ್ಟಿನ ಕಥೆ ಹೇಳಬೇಕಾದರೆ ಮೊದಲು ಅದರ ಪಕ್ಕದ ಬಾಲ್ಮೇನ್ ಎಂಬ ಊರಿನ ನೆಲದ ಕಥೆ ಹೇಳಬೇಕು. ಯಾತಕ್ಕೆಂದರೆ 1949ರಿಂದೀಚೆಗೆ ಈ ಎರಡೂ ಒಂದೇ ಪೌರಸಭೆ. ಬಾಲ್ಮೇನ್ ಎಂಬುದು ಸಿಡ್ನಿ ಬಂದರಿನೊಳಕ್ಕೆ ಚಾಚಿಕೊಂಡಿರುವ ನೆಲದ ನಾಲಗೆ. ಅದು ವಾಂಗಲ್ ಎಂಬ ಮೂಲನಿವಾಸಿ ಜನರ ನಾಡು. 1800ರಲ್ಲಿ ಇಂಗ್ಲಿಷರ ಗವರ್ನರು ಆ ಜನರನ್ನು ಒಂದು ಮಾತೂ ಕೇಳದೆ 550 ಎಕರೆಯನ್ನು ವಿಲಿಯಂ ಬಾಲ್ಮೇನ್ ಎಂಬ ಸರ್ಕಾರಿ ವೈದ್ಯನಿಗೆ ಬರೆದುಕೊಟ್ಟ. ಮರುವರ್ಷವೇ ಆ ವೈದ್ಯ ಅಷ್ಟು ನೆಲವನ್ನೂ ಐದು ಷಿಲಿಂಗಿಗೆ ಇನ್ನೊಬ್ಬನಿಗೆ ಬರೆದುಕೊಟ್ಟ. ಐದು ಷಿಲಿಂಗು! ಕೊಂಡವನು ಎಲ್ಲಿದ್ದನೆಂದುಕೊಂಡಿರಿ? ನಮ್ಮ ಕಲ್ಕತ್ತೆಯಲ್ಲಿ. ಅವನೇ ಜಾನ್ ಗಿಲ್‌ಕ್ರಿಸ್ಟ್. ಹಿಂದೂಸ್ತಾನಿ ಭಾಷೆಗೆ ನಿಘಂಟು ಬರೆದವನು, ಫೋರ್ಟ್ ವಿಲಿಯಂ ಕಾಲೇಜಿನಲ್ಲಿ ಕಂಪನಿಯ ನೌಕರರಿಗೆ ಪಾಠ ಹೇಳಿದವನು. ಆತ ತನ್ನ ಆ ನೆಲವನ್ನು ಕಣ್ಣಾರೆ ನೋಡಿದ್ದೇ ಇಲ್ಲ. 1841ರಲ್ಲಿ ಸತ್ತ ಮೇಲೆ ಅವನ ಉಯಿಲಿನಂತೆ ಬಾಲ್ಮೇನ್ ನೆಲ ಮಾರಿ ಬಂದ ಹಣವೂ ಸೇರಿ ಒಂದು ವಿದ್ಯಾನಿಧಿಯಾಯಿತು. ಬಂಗಾಳದ ರಸಾಯನಶಾಸ್ತ್ರಜ್ಞ ಪ್ರಫುಲ್ಲಚಂದ್ರ ರಾಯರು 1882ರಲ್ಲಿ ಎಡಿನ್‌ಬರೊಗೆ ಓದಲು ಹೋದದ್ದು ಇದೇ ಗಿಲ್‌ಕ್ರಿಸ್ಟ್ ವಿದ್ಯಾರ್ಥಿವೇತನದಿಂದ. ನೆಲ ಯಾರದೋ, ಹಣ ಯಾರದೋ, ಪುಣ್ಯ ಯಾರಿಗೋ. ಇದು ದಾರಿಯಲ್ಲಿ ಸಿಕ್ಕ ಮಾತು, ಮುಂದಕ್ಕೆ ಹೋಗೋಣ.

ಅದೇ ನೆಲದ ಅಂಚಿನಲ್ಲಿ 1855ರಲ್ಲಿ ಥಾಮಸ್ ಮಾರ್ಟ್ ಎಂಬ ವರ್ತಕ ಹಡಗು ದುರಸ್ತಿಯ ಡಾಕು ಕಟ್ಟಿಸಿದ. ಬಾಯ್ಲರು ಮಾಡುವವರು, ಕಮ್ಮಾರರು, ಬಣ್ಣ ಬಳಿಯುವವರು, ಬಡಗಿಗಳು ಬಂದು ಕಲ್ಲಿನ ಚಿಕ್ಕ ಚಿಕ್ಕ ಮನೆಗಳಲ್ಲಿ ನೆಲೆಸಿದರು. ಮುಂದೆ ಸೋಪಿನ ಕಾರ್ಖಾನೆ, ವಿದ್ಯುತ್ ಸ್ಥಾವರ ಬಂದವು. ಊರಿನ ಮಧ್ಯದಲ್ಲಿಯೇ ಬಂದರಿನ ತಳಕ್ಕೆ ಇಳಿಯುವ ಕಲ್ಲಿದ್ದಲ ಗಣಿಯೂ ಬಂತು. ಮನೆಯ ಹಿತ್ತಿಲಿಗೆ ಬಂದು ನಿಂತರೆ ಹಡಗಿನ ಹೊಗೆ, ಮುಂಬಾಗಿಲಿಗೆ ಬಂದರೆ ಕಾರ್ಖಾನೆಯ ಹೊಗೆ.

ಇಂಥ ಊರಿಗೆ 1860ರಲ್ಲಿ ಪೌರಸಭೆ ಬಂತು. ನ್ಯೂ ಸೌತ್ ವೇಲ್ಸ್ ಪ್ರಾಂತದ 1858ರ ಕಾನೂನಿನ ಪ್ರಕಾರ ಊರಿನವರು ಅರ್ಜಿ ಕೊಟ್ಟರೆ ಮುನಿಸಿಪಾಲಿಟಿ ಕೊಡುತ್ತಿದ್ದರು. ಸದಸ್ಯರನ್ನು ಆಲ್ಡರ್‌ಮನ್ ಎಂದು ಕರೆಯುತ್ತಿದ್ದರು. ಆಲ್ಡರ್‌ಮನ್ನರು ತಮ್ಮೊಳಗೇ ಒಬ್ಬನನ್ನು ಪ್ರತಿವರ್ಷ ಮುಖಂಡನನ್ನಾಗಿ ಆರಿಸಬೇಕು. ಮೊದಮೊದಲು ಅವನಿಗೆ ಬರೀ ಅಧ್ಯಕ್ಷನೆಂದು ಹೆಸರು. 1867ರ ಹೊಸ ಕಾನೂನಿನ ಮೇಲೆ ಮೇಯರ್ ಎಂಬ ಬಿರುದು ಬಂತು.

ಬಿರುದಿನ ಜೊತೆಗೆ ಆ ಕಾನೂನಿನಲ್ಲಿ ಬಂದ ಇನ್ನೊಂದು ಸಂಗತಿಯನ್ನು ನೀವು ಚೆನ್ನಾಗಿ ಗಮನಿಸಬೇಕು. ಮತ ಹಾಕುವ ಹಕ್ಕು ಊರಿನಲ್ಲಿ ವಾಸಮಾಡುವವರಿಗಲ್ಲ, ಕಂದಾಯ ಕಟ್ಟುವವರಿಗೆ. ಅದರಲ್ಲೂ ಒಬ್ಬೊಬ್ಬರಿಗೆ ಒಂದೊಂದು ಮತವಲ್ಲ. ಆಸ್ತಿಯ ಬೆಲೆ ಹೆಚ್ಚಿದಂತೆಲ್ಲ ಒಂದರಿಂದ ನಾಲ್ಕು ಮತಗಳವರೆಗೆ. ಸಾಲು ಮನೆಗಳ ಮಾಲೀಕನಿಗೆ ನಾಲ್ಕು ಮತ, ಆ ಮನೆಯೊಂದರ ಮೂಲೆಯ ಕೋಣೆಯಲ್ಲಿ ಬಾಡಿಗೆಗೆ ಮಲಗುವ ಡಾಕಿನ ಕೆಲಸಗಾರನಿಗೆ ಒಂದೂ ಇಲ್ಲ. ವಿಧಾನಸಭೆಗೆ ಮತ ಹಾಕುವ ಹಕ್ಕು 1858ರಲ್ಲಿಯೇ ಗಂಡಸರಿಗೆಲ್ಲ ಬಂದಿತ್ತು. ಪ್ರಾಂತವನ್ನಾಳುವವರನ್ನು ಆರಿಸಲು ಯೋಗ್ಯನಾದವನು ತನ್ನ ಬೀದಿಯ ದೀಪ ಹಚ್ಚಿಸುವವರನ್ನು ಆರಿಸಲು ಅಯೋಗ್ಯ! ಇದು ಯಾವ ನ್ಯಾಯ ಎಂದರೆ, ಆಸ್ತಿಯವರ ಉತ್ತರ ಎಲ್ಲ ದೇಶದಲ್ಲೂ ಒಂದೇ: ಪೌರಸಭೆ ಖರ್ಚು ಮಾಡುವುದು ನಮ್ಮ ಹಣ. ಬಾಡಿಗೆಯಲ್ಲಿ ಆ ಕಂದಾಯವೂ ಸೇರಿದೆ, ಅದನ್ನು ಕೊಡುವವನು ಬಾಡಿಗೆದಾರ ಎಂಬ ಲೆಕ್ಕ ಮಾತ್ರ ಅವರಿಗೆ ಹತ್ತುವುದಿಲ್ಲ.

ಹೀಗಿದ್ದ ಮೇಲೆ ಮೇಯರುಗಳು ಎಂಥವರಾಗಿದ್ದರೆಂದು ಹೇಳಬೇಕಾಗಿಯೇ ಇಲ್ಲ. ಎರಡು ಉದಾಹರಣೆ ಸಾಕು. ಹತ್ತಿರದ ಗ್ಲೀಬ್ ಪೌರಸಭೆಯಲ್ಲಿ ಜಾರ್ಜ್ ವಿಗ್ರಂ ಅಲೆನ್ ಎಂಬ ಶ್ರೀಮಂತ ವಕೀಲ 1859ರಿಂದ 1877ರವರೆಗೆ, ಅಂದರೆ 18 ವರ್ಷ, ಒಂದೇ ಸಮನೆ ಕುರ್ಚಿಯಲ್ಲಿದ್ದ. ಆತನ ಮನೆತನದ ಎಸ್ಟೇಟು ಆ ಊರಿನಲ್ಲಿಯೇ ಇತ್ತು. ಕೆಟ್ಟ ಮನುಷ್ಯನೆಂದು ನಾನು ಹೇಳುವುದಿಲ್ಲ. ಮುಂದೆ ಪ್ರಾಂತದ ಶಾಸನಸಭೆಯ ಸ್ಪೀಕರೂ ಆದ. ಆದರೆ 18 ವರ್ಷಕಾಲ ಆ ಊರಿನಲ್ಲಿ ಮೇಯರಾಗಲು ಇನ್ನೊಬ್ಬನಿಗೆ ಯೋಗ್ಯತೆಯೇ ಹುಟ್ಟಲಿಲ್ಲವೆಂದು ನಂಬಲು ನಾನು ಸಿದ್ಧನಿಲ್ಲ.

ಎರಡನೆಯವನು ಜಾನ್ ಯಂಗ್. ಇವನ ಕಥೆ ಇನ್ನೂ ಸ್ವಾರಸ್ಯ. ಇಂಗ್ಲೆಂಡಿನಿಂದ ಬಂದ ಕಟ್ಟಡದ ಕಂಟ್ರಾಕ್ಟರು. 1879ರಲ್ಲಿ ಸಿಡ್ನಿಯ ದೊಡ್ಡ ವಸ್ತುಪ್ರದರ್ಶನಕ್ಕಾಗಿ ಗಾರ್ಡನ್ ಪ್ಯಾಲೆಸ್ ಎಂಬ ಭವ್ಯ ಕಟ್ಟಡ ಕಟ್ಟಿದವನು ಇವನೇ. ಕೆಲಸದಲ್ಲಿ ಗಟ್ಟಿಗ, ಅದರಲ್ಲಿ ಎರಡು ಮಾತಿಲ್ಲ. ಆನಂಡೇಲ್ ಎಂಬ ದೊಡ್ಡ ಎಸ್ಟೇಟನ್ನು ಕೊಂಡು, ಕಂಪನಿ ಕಟ್ಟಿ, ಅಗಲವಾದ ಬೀದಿ ಗುರುತುಮಾಡಿ, ನಿವೇಶನಗಳನ್ನಾಗಿ ಸೀಳಿ ಮಾರಿದ. ಆಗ ಆನಂಡೇಲ್ ಲೈಕಾರ್ಟ್ ಪೌರಸಭೆಯಲ್ಲಿಯೇ ಇತ್ತು. ಅದೇ ಕಾಲದಲ್ಲಿ ಲೈಕಾರ್ಟಿನ ಮೇಯರೂ ಅವನೇ ಆದ. 1886ರಲ್ಲಿ ಸಿಡ್ನಿ ಮಹಾನಗರದ ಮೇಯರಾದ. 1894ರಲ್ಲಿ ಆನಂಡೇಲ್ ಲೈಕಾರ್ಟಿನಿಂದ ಬೇರೆಯಾಗಿ ತನ್ನದೇ ಮುನಿಸಿಪಾಲಿಟಿ ಮಾಡಿಕೊಂಡಿತು. ಅದರ ಮೊದಲ ಮೇಯರು ಯಾರು? ಮತ್ತೆ ಜಾನ್ ಯಂಗ್! ನೆಲ ಕೊಂಡವನು, ಸೀಳಿ ಮಾರಿದವನು, ಅಲ್ಲಿಗೆ ರಸ್ತೆ ಚರಂಡಿ ಮಾಡಿಸುವ ಸಭೆಯ ಮುಖಂಡನಾದವನು, ಮೂರೂ ಒಬ್ಬನೇ. ಇದರಲ್ಲಿ ಕಾನೂನಿಗೆ ವಿರುದ್ಧವಾದದ್ದು ಏನೂ ಇಲ್ಲ. ನಾನು ತೋರಿಸಬೇಕೆಂದಿರುವುದೂ ಅದನ್ನೇ. ಬಂಡವಾಳಗಾರನು ಕಾನೂನು ಮುರಿಯಬೇಕಾದ ಅಗತ್ಯವೇ ಅಲ್ಲಿ ಇರಲಿಲ್ಲ.

ಇನ್ನು ಬಾಲ್ಮೇನಿನ ಕೆಲಸಗಾರರು ಕೈಕಟ್ಟಿ ಕುಳಿತಿದ್ದರೆ? ಇಲ್ಲ. 1890ರಲ್ಲಿ ಹಡಗು, ಬಂದರು, ಉಣ್ಣೆ ಕತ್ತರಿಸುವ ಕೆಲಸಗಾರರ ಮಹಾ ಮುಷ್ಕರ ನಡೆದು ಸೋತಿತು. ಸರ್ಕಾರ ಮಾಲೀಕರ ಪಕ್ಕದಲ್ಲಿ ನಿಂತಿತು. ಮುಷ್ಕರದಿಂದ ಮಾತ್ರ ಆಗುವುದಿಲ್ಲ, ಶಾಸನಸಭೆಗೆ ನಮ್ಮವರೇ ಹೋಗಬೇಕು ಎಂಬ ಪಾಠವನ್ನು ಅವರು ಕಲಿತರು. 1891ರ ಏಪ್ರಿಲ್ 4ರಂದು ಬಾಲ್ಮೇನಿನ ಯೂನಿಟಿ ಹಾಲ್ ಎಂಬ ಹೋಟೆಲಿನಲ್ಲಿ ಸಭೆ ಸೇರಿ ಲೇಬರ್ ಚುನಾವಣಾ ಸಂಘದ ಶಾಖೆಯನ್ನು ಕಟ್ಟಿದರು. ಆಸ್ಟ್ರೇಲಿಯಾದ ಲೇಬರ್ ಪಕ್ಷದ ಮೊದಲ ಶಾಖೆ ಅದೆಂದು ಬಾಲ್ಮೇನಿನವರು ಹೆಮ್ಮೆಪಡುತ್ತಾರೆ. ಎರಡೇ ತಿಂಗಳಲ್ಲಿ ಚುನಾವಣೆ ಬಂತು. ಬಾಲ್ಮೇನಿನ ನಾಲ್ಕು ಸ್ಥಾನಗಳನ್ನೂ ಲೇಬರ್ ಗೆದ್ದಿತು. ಪ್ರಾಂತದಲ್ಲಿ 141 ಸ್ಥಾನಗಳ ಪೈಕಿ 35 ಅವರದಾಯಿತು. ಮುಷ್ಕರ ಸೋತ ಮರುವರ್ಷದಲ್ಲಿ!

ವರ್ತಕ ಬಂಧುಗಳಿಗೆ ಹಿತವಾಗುವ ಒಂದು ಸಂಗತಿಯೂ ಇಲ್ಲಿದೆ. ಆ ದಿನಗಳಲ್ಲಿ ಬಾಲ್ಮೇನಿನ ಒಂದು ಬೀದಿಯಲ್ಲಿ ಒಬ್ಬ ಗಿಡ್ಡ ಆಸಾಮಿ ಸಣ್ಣದೊಂದು ಅಂಗಡಿ ಇಟ್ಟಿದ್ದ. ಛತ್ರಿ ರಿಪೇರಿ ಮಾಡುವುದು, ಹಳೆಯ ಪುಸ್ತಕ ಮಾರುವುದು ಅವನ ವ್ಯಾಪಾರ. ಸಂಜೆಯಾದರೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಸಮಾಜವಾದದ ಚರ್ಚೆ. ಅವನೇ ವಿಲಿಯಂ ಮಾರಿಸ್ ಹ್ಯೂಸ್, 1915ರಲ್ಲಿ ಆಸ್ಟ್ರೇಲಿಯಾದ ಪ್ರಧಾನಮಂತ್ರಿ. ಯುದ್ಧಕ್ಕೆ ಜನರನ್ನು ಬಲವಂತವಾಗಿ ಎಳೆಯಬೇಕೆಂದು ಹೊರಟದ್ದಕ್ಕೆ 1916ರಲ್ಲಿ ಲೇಬರ್ ಪಕ್ಷ ಅವನನ್ನು ಹೊರಹಾಕಿತು. ಆ ಹೊರಹಾಕುವಿಕೆ ಸರಿಯಾಗಿತ್ತೆಂದೇ ನನ್ನ ಅಭಿಪ್ರಾಯ. ಈ ಮಾತನ್ನು ನೆನಪಿನಲ್ಲಿಡಿ. ಮುಂದೆ ಇನ್ನೊಂದು ಹೊರಹಾಕುವಿಕೆ ಬರುತ್ತದೆ.

ಶಾಸನಸಭೆಯಲ್ಲಿ ಗೆದ್ದವರಿಗೆ ಪೌರಸಭೆ ಸುಲಭವಾಗಿ ಕೈಗೆ ಬರಲಿಲ್ಲ. ಕಾರಣ ಆಗಲೇ ಹೇಳಿದೆ, ಮತದ ಹಕ್ಕು. ಇಪ್ಪತ್ತನೆಯ ಶತಮಾನ ಕಾಲಿಟ್ಟ ಮೇಲೆ ಒಬ್ಬನಿಗೆ ನಾಲ್ಕು ಮತ ಕೊಡುವ ಪದ್ಧತಿ ಹೋಯಿತು, ಆದರೆ ಕಂದಾಯದ ಕಟ್ಟು ಉಳಿಯಿತು. ಕೊನೆಗೆ ವಯಸ್ಸಿಗೆ ಬಂದ ನಿವಾಸಿಗಳೆಲ್ಲರಿಗೂ ಪೌರಸಭೆಯ ಮತ ನಿಲ್ಲುವಂತೆ ಬಂದದ್ದು 1941ರಲ್ಲಿ. ಪ್ರಾಂತದ ಚುನಾವಣೆಯಲ್ಲಿ ಮತ ಹಾಕಲು ಗಂಡಸಿಗೆ ಹಕ್ಕು ಬಂದ 83 ವರ್ಷಗಳ ಮೇಲೆ.

ಈ ನಡುವೆ ಒಬ್ಬ ಹೆಣ್ಣುಮಗಳ ಹೆಸರನ್ನು ಬಿಟ್ಟು ಮುಂದೆ ಹೋಗುವುದು ತಪ್ಪಾದೀತು. ಆಕೆ ಲೈಕಾರ್ಟಿನವಳಲ್ಲ, ಸಮೀಪದ ನ್ಯೂಟೌನ್ ಎಂಬ ಕೂಲಿಕಾರರ ಊರಿನವಳು. ನ್ಯೂ ಸೌತ್ ವೇಲ್ಸಿನಲ್ಲಿ ಹೆಂಗಸರು ಪೌರಸಭೆಗೆ ನಿಲ್ಲಬಹುದೆಂದು ಕಾನೂನಾದದ್ದು 1918ರಲ್ಲಿ. ಕಾನೂನು ಬಂದ ಮಾತ್ರಕ್ಕೆ ಯಾರು ಟಿಕೇಟು ಕೊಡುತ್ತಾರೆ? ಹತ್ತು ವರ್ಷ ಯಾರೂ ಗೆದ್ದು ಬರಲಿಲ್ಲ. 1928ರಲ್ಲಿ ಲಿಲಿಯನ್ ಫೌಲರ್ ಎಂಬಾಕೆ ನ್ಯೂಟೌನಿನ ಆಲ್ಡರ್‌ಮನ್ ಆದಳು, ಆ ಪ್ರಾಂತದಲ್ಲಿ ಮೊದಲನೆಯವಳು. ಅಷ್ಟರಲ್ಲಿ ಲೋಕವನ್ನೆಲ್ಲ ಹಿಡಿದ ಆರ್ಥಿಕ ಕುಸಿತ ಬಂತು. ಕೆಲಸವಿಲ್ಲದವರ, ಬಾಡಿಗೆ ಕಟ್ಟಲಾರದವರ ಊರಿನಲ್ಲಿ ಆಕೆ ಪರಿಹಾರಕ್ಕಾಗಿ ಓಡಾಡಿದಳು, ಮಕ್ಕಳಿಗೆ ಆಟದ ಬಯಲು ಬೇಕೆಂದು ಹಟ ಹಿಡಿದಳು. 1937ರ ಕೊನೆಯಲ್ಲಿ ಮೇಯರಾಗಿ ಆರಿಸಿಬಂದಳು. ಆಸ್ಟ್ರೇಲಿಯಾ ಖಂಡದಲ್ಲಿಯೇ ಮೊದಲ ಮಹಿಳಾ ಮೇಯರು. ಆಕೆ ಮೆದು ಮಾತಿನವಳಾಗಿರಲಿಲ್ಲ, ಪಕ್ಷದೊಳಗಿನ ಕುಸ್ತಿಯಲ್ಲಿ ಗಂಡಸರಿಗೆ ಸರಿಸಮ ನಿಂತವಳು. ಯಾವ ಶಾಸಕನ ಪರವಾಗಿ ವರ್ಷಗಟ್ಟಲೆ ಚುನಾವಣೆ ನಡೆಸಿದ್ದಳೋ ಅವನನ್ನೇ 1944ರಲ್ಲಿ ಎದುರಿಸಿ, ಲ್ಯಾಂಗ್ ಬಣದಿಂದ ನಿಂತು, ಸೋಲಿಸಿ ಶಾಸನಸಭೆಗೆ ಹೋದಳು.

ಈಗ ನಮ್ಮ ಕಥೆಯ ಮುಖ್ಯ ಮನುಷ್ಯನ ಬಳಿಗೆ ಬರೋಣ. ಅವನ ಹೆಸರು ನಿಕ್ ಒರಿಗ್ಲಾಸ್. 1908ರಲ್ಲಿ ಉತ್ತರದ ಕ್ವೀನ್ಸ್‌ಲ್ಯಾಂಡ್ ಪ್ರಾಂತದಲ್ಲಿ ಹುಟ್ಟಿದವನು, ಇಟಲಿಯ ಮೂಲದ ತಂದೆಯ ಮಗ. ಸಿಡ್ನಿಗೆ ಬಂದು ಮಾರ್ಟನ ಡಾಕಿನಲ್ಲಿ ಕಬ್ಬಿಣದ ಕೆಲಸಕ್ಕೆ ಸೇರಿದ. ಅಂಗಡಿ ಮಟ್ಟದಲ್ಲಿ ಕೆಲಸಗಾರರ ಪ್ರತಿನಿಧಿಯಾದ. ವಿಚಾರದಲ್ಲಿ ಟ್ರಾಟ್ಸ್ಕಿಯ ಅನುಯಾಯಿ. ಆಗ ಕಬ್ಬಿಣದ ಕೆಲಸಗಾರರ ಯೂನಿಯನ್ನಿನ ಕೇಂದ್ರ ಪದಾಧಿಕಾರ ಕಮ್ಯೂನಿಸ್ಟರ ಕೈಯಲ್ಲಿತ್ತು. ಯುದ್ಧ ನಡೆಯುತ್ತಿದೆ, ಈಗ ಮುಷ್ಕರ ಕೂಡದು ಎಂಬುದು ಅವರ ಆಜ್ಞೆ. 1945ರಲ್ಲಿ ಮೇಲಿನವರು ಒರಿಗ್ಲಾಸನನ್ನು ಪ್ರತಿನಿಧಿ ಸ್ಥಾನದಿಂದ ತೆಗೆದುಹಾಕಿದರು. ಬಾಲ್ಮೇನಿನ ಕೆಲಸಗಾರರು ಏನು ಮಾಡಿದರು ಬಲ್ಲಿರಾ? ಸಾವಿರಾರು ಜನ ಸುಮಾರು ಆರು ವಾರ ಕೆಲಸ ನಿಲ್ಲಿಸಿದರು. ಕೂಲಿ ಹೆಚ್ಚು ಮಾಡಿರೆಂದು ಅಲ್ಲ, ಮಾಲೀಕನ ಮೇಲೂ ಅಲ್ಲ. ನಮ್ಮ ಪ್ರತಿನಿಧಿಯನ್ನು ಆರಿಸುವವರು ನಾವು, ತೆಗೆಯುವವರೂ ನಾವು, ಮೇಲೆ ಕುಳಿತವರಲ್ಲ ಎಂದು. ತಮ್ಮ ಯೂನಿಯನ್ನಿನ ಮೇಲೆಯೇ ಮುಷ್ಕರ! ಇದು ಸರಿಯೋ ತಪ್ಪೋ ಎಂದು ಇಲ್ಲಿರುವ ಸಂಗಾತಿಗಳು ಜಗಳವಾಡಬಹುದು. ನನಗಂತೂ ಆ ಮುಷ್ಕರದಲ್ಲಿ ಮುಂದಿನ ಎಲ್ಲ ಕಥೆಯೂ ಬೀಜರೂಪದಲ್ಲಿ ಕಾಣುತ್ತದೆ.

ಒರಿಗ್ಲಾಸನಿಗೆ ಒಬ್ಬ ಜೊತೆಗಾರನಿದ್ದ, ಇಸ್ಸಿ ವೈನರ್. ಹಡಗಿಗೆ ಬಣ್ಣ ಬಳಿಯುವವರ ಮತ್ತು ಡಾಕಿನ ಕೆಲಸಗಾರರ ಯೂನಿಯನ್ನಿನವನು. ಒರಿಗ್ಲಾಸ್ ಮಾತಿಗೆ ನಿಂತರೆ ಮುಗಿಸುವುದು ಗೊತ್ತಿರಲಿಲ್ಲವೆಂದು ಅವನ ಗೆಳೆಯರೇ ನಗುತ್ತಿದ್ದರು. ನನಗೂ ಆ ಕಾಯಿಲೆ ಇದೆಯೆಂದು ಕಾರ್ಯದರ್ಶಿಗಳು ಗಡಿಯಾರ ನೋಡುತ್ತಿದ್ದಾರೆ. ಇಬ್ಬರೂ ಲೇಬರ್ ಪಕ್ಷದಲ್ಲಿದ್ದುಕೊಂಡೇ 1950ರ ದಶಕದ ಕೊನೆಯ ಹೊತ್ತಿಗೆ ಲೈಕಾರ್ಟ್ ಪೌರಸಭೆಗೆ ಆರಿಸಿಬಂದರು.

ಅಷ್ಟರಲ್ಲಿ ಪೌರಸಭೆಯ ಆಕಾರವೇ ಬದಲಾಗಿತ್ತು. 1948ರಲ್ಲಿ ಪ್ರಾಂತದ ಲೇಬರ್ ಸರ್ಕಾರ ಸಣ್ಣ ಸಣ್ಣ ಮುನಿಸಿಪಾಲಿಟಿಗಳನ್ನು ಕೂಡಿಸುವ ಕಾನೂನು ಮಾಡಿತು. 1949ರ ಜನವರಿ 1ರಿಂದ ಬಾಲ್ಮೇನ್, ಆನಂಡೇಲ್ ಎರಡೂ ಲೈಕಾರ್ಟಿನಲ್ಲಿ ಲೀನವಾದವು. ನ್ಯೂಟೌನ್, ಗ್ಲೀಬ್ ಮೊದಲಾದ ಎಂಟು ಊರುಗಳು ಸಿಡ್ನಿ ನಗರಕ್ಕೆ ಸೇರಿದವು. ಕೂಲಿಕಾರರ ಊರುಗಳು ಸೇರಿದರೆ ಸಿಡ್ನಿಯ ಟೌನ್ ಹಾಲು ಲೇಬರಿನ ಕೈಗೆ ಬರುತ್ತದೆಂಬ ಲೆಕ್ಕವೂ ಅದರಲ್ಲಿತ್ತು. ನಮ್ಮವರು ಮಾಡಿದರೆಂದು ಅದನ್ನು ಮುಚ್ಚಿಡಬೇಕಾದ್ದಿಲ್ಲ. 1968ರಲ್ಲಿ ಬೇರೊಂದು ಸರ್ಕಾರ ಬಂದು ಗೆರೆ ಅಳಿಸಿ ಬರೆದಾಗ ಗ್ಲೀಬ್ ಲೈಕಾರ್ಟಿಗೆ ಬಂತು, 2003ರಲ್ಲಿ ಮತ್ತೆ ಸಿಡ್ನಿಗೆ ಹೋಯಿತು. ಊರಿನವರು ಮಲಗಿ ಏಳುವಷ್ಟರಲ್ಲಿ ಮೇಯರು ಬದಲಾಗಿರುತ್ತಿದ್ದ.

ಲೇಬರ್ ಸದಸ್ಯರು ಪೌರಸಭೆಯಲ್ಲಿ ಮತ ಹಾಕುವ ರೀತಿಯನ್ನು ಇಲ್ಲಿ ವಿವರಿಸಬೇಕು. ಸಭೆಗೆ ಮುಂಚೆ ಪಕ್ಷದ ಸದಸ್ಯರೆಲ್ಲ ಬಾಗಿಲು ಮುಚ್ಚಿದ ಕೋಣೆಯಲ್ಲಿ ಸೇರುತ್ತಾರೆ. ಅದಕ್ಕೆ ಕಾಕಸ್ ಎಂದು ಹೆಸರು. ಅಲ್ಲಿ ಬಹುಮತದಿಂದ ಏನು ತೀರ್ಮಾನವಾಯಿತೋ, ಹೊರಗೆ ಎಲ್ಲರೂ ಅದಕ್ಕೇ ಕೈಯೆತ್ತಬೇಕು. ಎತ್ತದಿದ್ದವನು ಪಕ್ಷದಲ್ಲಿರುವಂತಿಲ್ಲ. ಈ ಶಿಸ್ತು ಹುಟ್ಟಿದ್ದಕ್ಕೆ ಕಾರಣವಿದೆ. 1891ರಲ್ಲಿ ಗೆದ್ದುಹೋದ 35 ಜನರಲ್ಲಿ ಎಷ್ಟೋ ಮಂದಿ ಶಾಸನಸಭೆಯ ಮೆತ್ತನೆ ಆಸನದಲ್ಲಿ ಕುಳಿತ ಮೇಲೆ ಕಳಿಸಿದವರನ್ನು ಮರೆತು ಅತ್ತಿತ್ತ ಹಂಚಿಹೋದರು. ಅದಕ್ಕೇ ಹಗ್ಗ ಬಿಗಿದದ್ದು. ಆದರೆ ಹಗ್ಗದ ತುದಿ ಯಾರ ಕೈಯಲ್ಲಿದೆ ಎಂಬುದು ಬೇರೆ ಪ್ರಶ್ನೆ.

1960ರ ದಶಕದ ಉತ್ತರಾರ್ಧದಲ್ಲಿ ಬಾಲ್ಮೇನಿನ ನೀರಂಚಿನಲ್ಲಿ ರಾಸಾಯನಿಕ ಪದಾರ್ಥಗಳನ್ನು ತುಂಬಿಡುವ ಸ್ಥಾವರದ ಪ್ರಸ್ತಾವ ಬಂತು. ಮನೆಗಳ ಮಗ್ಗುಲಲ್ಲೇ. ನಿವಾಸಿಗಳು ಬೇಡವೆಂದರು. ಲೇಬರ್ ಕಾಕಸ್ ಆಗಲೆಂದಿತು. ಒರಿಗ್ಲಾಸ್, ವೈನರ್ ಇಬ್ಬರೂ ನಿವಾಸಿಗಳ ಕಡೆಗೆ ಮತ ಹಾಕಿದರು. ಪಕ್ಷ ಇಬ್ಬರನ್ನೂ ಹೊರಹಾಕಿತು.

ಇದರ ಬಗ್ಗೆ ಎರಡು ಮಾತನ್ನೂ ಹೇಳಬೇಕು. ಕಾರ್ಖಾನೆ ಬಂದರೆ ಕೆಲಸ ಬರುತ್ತದೆ ಎಂಬ ಮಾತನ್ನು ಇಲ್ಲಿ ಕುಳಿತಿರುವ ಯಾರೂ ಹಗುರವಾಗಿ ತಳ್ಳಲಾರರು. ಮಾರ್ಟನ ಡಾಕು 1950ರ ದಶಕದ ಕೊನೆಯಲ್ಲಿ ಮುಚ್ಚಿತ್ತು. ನೂರು ವರ್ಷದ ಅನ್ನ ಹೋಗಿತ್ತು. ಅಂಥ ಊರಿನಲ್ಲಿ ಬಂದ ಬಂಡವಾಳವನ್ನು ಬೇಡವೆನ್ನುವುದು ಸಣ್ಣ ಮಾತಲ್ಲ. ಆದರೆ ಅಂಥ ಸ್ಥಾವರದಲ್ಲಿ ಎಷ್ಟು ಜನಕ್ಕೆ ಕೆಲಸ? ಟ್ಯಾಂಕಿಗೆ ಕಾವಲುಗಾರರು ಸಾಕು. ಅಪಾಯ ಮಾತ್ರ ಇಡೀ ಬೀದಿಗೆ. ಮಾತಿದ್ದದ್ದು ಕೆಲಸದ್ದೂ ಅಲ್ಲ. ಅಲ್ಲಿ ಮಲಗುವ ಜನರನ್ನು ಕೇಳಬೇಕೋ ಬೇಡವೋ ಎಂಬುದು. ಹ್ಯೂಸನನ್ನು ಹೊರಹಾಕಿದಾಗ ಪಕ್ಷ ತನ್ನ ಜನರ ಪರವಾಗಿ ನಿಂತಿತ್ತು. ಇವರಿಬ್ಬರನ್ನು ಹೊರಹಾಕಿದಾಗ ತನ್ನ ಕೋಣೆಯ ಬಾಗಿಲಿನ ಪರವಾಗಿ ನಿಂತಿತು. ನಾನು ಪಕ್ಷದ ಶಿಸ್ತನ್ನು ಕಡಮೆ ಮಾಡಿ ಮಾತನಾಡುವವನಲ್ಲ. ಆದರೂ ಇಲ್ಲಿ ಪಕ್ಷ ತಪ್ಪಿತು ಎಂದೇ ನನ್ನ ಎಣಿಕೆ.

1971ರ ಪೌರಸಭಾ ಚುನಾವಣೆಯಲ್ಲಿ ಲೈಕಾರ್ಟಿನ ಜನ ತೀರ್ಪು ಕೊಟ್ಟರು. ಲೇಬರಿನ ಹಿಡಿತ ತಪ್ಪಿತು, ಪಕ್ಷೇತರರು ಹೆಚ್ಚಾಗಿ ಬಂದರು, ಹೊಸ ಸಭೆ ನಿಕ್ ಒರಿಗ್ಲಾಸನನ್ನು ಮೇಯರಾಗಿ ಆರಿಸಿತು. ಡಾಕಿನ ಕಬ್ಬಿಣ ಕೆಲಸಗಾರ ಜಾನ್ ಯಂಗನ ಕುರ್ಚಿಯಲ್ಲಿ!

ಅವನು ಮಾಡಿದ ಮುಖ್ಯ ಕೆಲಸಕ್ಕೆ "ತೆರೆದ ಸಭೆ" ಎಂದು ಹೆಸರು. ಅದುವರೆಗೆ ಊರಿನವರು ಸಭೆಗೆ ಬಂದರೆ ಹಿಂದೆ ಕುಳಿತು ಬಾಯಿಮುಚ್ಚಿ ಕೇಳಬೇಕಾಗಿತ್ತು. ಈಗ ಯಾವ ನಿವಾಸಿಯಾದರೂ ಎದ್ದು ನಿಂತು ಆಲ್ಡರ್‌ಮನ್ನರ ಮುಂದೆ ತನ್ನ ವಿಷಯವನ್ನು ಹೇಳಬಹುದು, ಅದರ ಮೇಲೆ ಚರ್ಚೆಯಾಗಬೇಕು. ಕಂಪನಿಯ ಇಂಜಿನಿಯರನ ಮಾತನ್ನು ಕೇಳಿದ ಕಿವಿ ಎದುರು ಮನೆಯ ಮುದುಕಿಯ ಮಾತನ್ನೂ ಕೇಳಬೇಕು. ಸಭೆಗಳು ಅರ್ಧರಾತ್ರಿ ದಾಟುತ್ತಿದ್ದವೆಂದು, ಕೆಲಸ ಸಾಗುವುದಿಲ್ಲವೆಂದು ವಿರೋಧಿಗಳು ಗೊಣಗಿದರು. ಗೊಣಗುವುದಕ್ಕೆ ಕಾರಣ ಇಲ್ಲದಿರಲಿಲ್ಲ. ಜನರನ್ನು ಕೇಳಿ ಮಾಡುವ ಕೆಲಸ ನಿಧಾನವಾಗಿಯೇ ಆಗುತ್ತದೆ. ಕೇಳದೆ ಮಾಡುವುದು ಬೇಗ ಆಗುತ್ತದೆ.

ಆಗಿನ ಜಗಳಗಳೂ ಸಣ್ಣವಲ್ಲ. 1969ರಲ್ಲಿ ವೈಟ್ ಬೇ ಎಂಬಲ್ಲಿ ಹಡಗಿನ ದೊಡ್ಡ ಕಬ್ಬಿಣದ ಪೆಟ್ಟಿಗೆಗಳನ್ನು ಇಳಿಸುವ ನಿಲ್ದಾಣ ತೆರೆದಿತ್ತು. ಕುದುರೆಗಾಡಿಗೆಂದು ಮಾಡಿದ ಓಣಿಗಳಲ್ಲಿ ಹಗಲೂ ರಾತ್ರಿ ಭಾರಿ ಲಾರಿಗಳು. ಇತ್ತ ಗ್ಲೀಬ್, ಆನಂಡೇಲ್ ಕಡೆ ಸಾಲು ಮನೆಗಳನ್ನು ಕೆಡವಿ ಮೋಟಾರು ಹೆದ್ದಾರಿ ಮಾಡಬೇಕೆಂದು ಪ್ರಾಂತ ಸರ್ಕಾರದ ಯೋಜನೆ. ಪೌರಸಭೆ ನಿವಾಸಿಗಳ ಜೊತೆ ನಿಂತು ವಿರೋಧಿಸಿತು. ಅದೇ ವರ್ಷಗಳಲ್ಲಿ ಜ್ಯಾಕ್ ಮಂಡಿಯ ನಾಯಕತ್ವದ ಕಟ್ಟಡ ಕೂಲಿಗಳ ಯೂನಿಯನ್ನು ಹೊಸದೊಂದು ದಾರಿ ತೋರಿಸಿತ್ತು. ನಿವಾಸಿಗಳು ಬೇಡವೆಂದ ಕೆಡಹುವಿಕೆಗೆ ನಾವು ಕೈ ಹಾಕುವುದಿಲ್ಲ ಎಂಬ ನಿಷೇಧ. ಕೂಲಿ ಕಳೆದುಕೊಂಡರೂ ಸರಿ ಎಂದು ಕೆಲಸಗಾರರು ಇನ್ನೊಬ್ಬರ ಮನೆ ಉಳಿಸಿದರು. ಗ್ಲೀಬಿನಲ್ಲಿ ಇಗರ್ಜಿಯವರ ಎಸ್ಟೇಟಿನ ನೂರಾರು ಬಾಡಿಗೆ ಮನೆಗಳನ್ನು 1974ರಲ್ಲಿ ವಿಟ್ಲಂ ಅವರ ಕೇಂದ್ರ ಲೇಬರ್ ಸರ್ಕಾರ ಕೊಂಡು ಬಡವರ ವಾಸಕ್ಕೇ ಉಳಿಸಿತು. ಲೇಬರಿನ ಒಂದು ಕೈ ತಪ್ಪು ಮಾಡಿದರೆ ಇನ್ನೊಂದು ಕೈ ಸರಿಮಾಡಿದ್ದನ್ನೂ ಹೇಳಬೇಕಷ್ಟೆ.

ಒರಿಗ್ಲಾಸ್ ಮೇಯರಾಗಿದ್ದದ್ದು 1973ರವರೆಗೆ. ಲೇಬರ್ ಮತ್ತೆ ಬಂತು. 1987ರಲ್ಲಿ ಪಕ್ಷೇತರರು ಪುನಃ ಗೆದ್ದಾಗ, 79ರ ವಯಸ್ಸಿನಲ್ಲಿ ಆತ ಎರಡನೆಯ ಸಲ ಮೇಯರಾದ. ಅವನ ನಂತರ 1988ರಲ್ಲಿ ಕುರ್ಚಿಗೆ ಬಂದವನು ಹಳೆಯ ಜೊತೆಗಾರ ಇಸ್ಸಿ ವೈನರ್. ಒರಿಗ್ಲಾಸ್ 1996ರಲ್ಲಿ, ವೈನರ್ 2008ರಲ್ಲಿ ತೀರಿಕೊಂಡರು.

ಸಂಗಾತಿಗಳೇ, ಇಲ್ಲಿಗೆ ನಿಲ್ಲಿಸಿದರೆ ಚೆನ್ನಾಗಿರುತ್ತದೆ. ಆದರೆ ಪೂರ್ತಿ ನಿಜವಾಗುವುದಿಲ್ಲ. ಆ ಮನೆಗಳು ಉಳಿದವು, ಸರಿ. ಅದರಲ್ಲಿ ಯಾರು ಉಳಿದರು? ಡಾಕು ಹೋಯಿತು, ಗಣಿ ಅದಕ್ಕೂ ಮುಂಚೆ, 1931ರಲ್ಲಿಯೇ ಮುಚ್ಚಿತ್ತು, ಕಾರ್ಖಾನೆಗಳು ಒಂದೊಂದಾಗಿ ಹೋದವು. ಹೊಗೆ ಹೋದ ಮೇಲೆ ನೀರಿನ ನೋಟ ಕಾಣಿಸಿತು. ನೋಟ ಕಂಡ ಮೇಲೆ ವಕೀಲರು, ಡಾಕ್ಟರುಗಳು, ಹಣವಂತರು ಬಂದರು. ಬಾಯ್ಲರು ಕೆಲಸಗಾರ ಆರು ಮಕ್ಕಳನ್ನು ಸಾಕಿದ ಕಲ್ಲಿನ ಗೂಡು ಈಗ ಹತ್ತು ಲಕ್ಷ ಡಾಲರಿಗೂ ಸಿಗುವುದು ಕಷ್ಟ. ಮಾರ್ಟನ ಡಾಕಿದ್ದ ಜಾಗ ಹಸಿರು ಉದ್ಯಾನವಾಗಿದೆ. ಎಣ್ಣೆ ಕಂಪನಿಯ ಟ್ಯಾಂಕುಗಳಿದ್ದ ಬ್ಯಾಲಸ್ಟ್ ಪಾಯಿಂಟ್ ಎಂಬ ತುದಿಯನ್ನು ಅಪಾರ್ಟ್‌ಮೆಂಟು ಕಟ್ಟುವವರ ಕೈಗೆ ಹೋಗದಂತೆ ಊರಿನವರು ಹೋರಾಡಿ ಬಿಡಿಸಿಕೊಂಡರು. 2009ರಲ್ಲಿ ಅದೂ ಉದ್ಯಾನವಾಯಿತು. ಉದ್ಯಾನ ಒಳ್ಳೆಯದೇ. ಅಲ್ಲಿ ಸಂಜೆ ತಿರುಗಾಡುವವರಲ್ಲಿ ಡಾಕಿನ ಕೆಲಸಗಾರರ ಮೊಮ್ಮಕ್ಕಳು ಎಷ್ಟು ಜನ ಇದ್ದಾರು? ಒರಿಗ್ಲಾಸನ ತೆರೆದ ಸಭೆಯಿಂದ ಇದಾಯಿತೆಂದು ದೂರುವವರಿದ್ದಾರೆ. ನಾನು ಒಪ್ಪುವುದಿಲ್ಲ. ಮನೆಯ ಬೆಲೆ ಏರಿಸಿದ್ದು ಸಭೆಯಲ್ಲ, ಸಂತೆ. ಆದರೆ ಪೌರಸಭೆಯ ಕೈಯಲ್ಲಿ ಟ್ಯಾಂಕನ್ನು ತಡೆಯುವ ಅಧಿಕಾರವಿತ್ತು, ಬಾಡಿಗೆಯನ್ನು ತಡೆಯುವ ಅಧಿಕಾರ ಇರಲಿಲ್ಲ. ಗ್ಲೀಬಿನಲ್ಲಿ ಬಡವರು ಉಳಿದದ್ದು ಸರ್ಕಾರ ಮನೆಗಳನ್ನೇ ಕೊಂಡದ್ದರಿಂದ.

ಊರಿನ ಜನ ಬದಲಾದಂತೆ ಮೇಯರೂ ಬದಲಾದ. 2008ರಲ್ಲಿ ಹಸಿರು ಪಕ್ಷದ ಜೇಮೀ ಪಾರ್ಕರ್ ಲೈಕಾರ್ಟಿನ ಮೇಯರಾದ. 2011ರಲ್ಲಿ ಆತ ಬಾಲ್ಮೇನ್ ವಿಧಾನಸಭಾ ಕ್ಷೇತ್ರವನ್ನೇ ಲೇಬರಿನಿಂದ ಕಿತ್ತುಕೊಂಡ. ಲೇಬರ್ ಪಕ್ಷ ತೊಟ್ಟಿಲಲ್ಲಿದ್ದ ಊರು! 2012ರಲ್ಲಿ ಲೇಬರಿನ ಡಾರ್ಸಿ ಬರ್ನ್ ಮೇಯರಾದ. ಲೈಕಾರ್ಟಿನ ಕೊನೆಯ ಮೇಯರು ಹಸಿರು ಪಕ್ಷದ ರೋಷೆಲ್ ಪೋರ್ಟಿಯಸ್ ಎಂಬಾಕೆ.

ಆಕೆ ಕೊನೆಯವಳು ಹೇಗಾದಳೆಂದರೆ, 2016ರ ಮೇ 12ರಂದು ಪ್ರಾಂತದ ಲಿಬರಲ್ ಸರ್ಕಾರ ಲೈಕಾರ್ಟ್, ಆಶ್‌ಫೀಲ್ಡ್, ಮ್ಯಾರಿಕ್‌ವಿಲ್ ಮೂರನ್ನೂ ಕೂಡಿಸಿ ಇನ್ನರ್ ವೆಸ್ಟ್ ಎಂಬ ಒಂದೇ ಪೌರಸಭೆ ಮಾಡಿತು. ಸಣ್ಣ ಪೌರಸಭೆಗಳು ದಂಡ, ದೊಡ್ಡದಾದರೆ ಖರ್ಚು ಉಳಿಯುತ್ತದೆ ಎಂಬುದು ಹೇಳಿದ ಕಾರಣ. ಆರಿಸಿಬಂದ ಸದಸ್ಯರೆಲ್ಲ ಒಂದೇ ದಿನದಲ್ಲಿ ಮನೆಗೆ. ಮುಂದಿನ ಚುನಾವಣೆ 2017ರ ಸೆಪ್ಟೆಂಬರಿನಲ್ಲಿ. ಅಲ್ಲಿಯವರೆಗೆ ಹದಿನಾರು ತಿಂಗಳು ಸರ್ಕಾರ ನೇಮಿಸಿದ ಒಬ್ಬ ಆಡಳಿತಗಾರನ ಕಾರುಬಾರು. ಮೇಯರೂ ಇಲ್ಲ, ಸಭೆಯೂ ಇಲ್ಲ. ಎದ್ದು ನಿಂತು ಮಾತನಾಡಲು ಎದುರಿಗೆ ಆರಿಸಿಬಂದವರೇ ಇಲ್ಲ.

1948ರಲ್ಲಿ ಲೇಬರ್ ಕೂಡಿಸಿತು, 2016ರಲ್ಲಿ ಲಿಬರಲ್ ಕೂಡಿಸಿತು. ಎರಡು ಸಲವೂ ಊರಿನವರ ಮತ ಪಡೆದು ಮಾಡಿದ್ದಲ್ಲ. 2021ರ ಡಿಸೆಂಬರಿನಲ್ಲಿ ಪೌರಸಭಾ ಚುನಾವಣೆಯ ಜೊತೆಗೇ ಒಂದು ಪ್ರಶ್ನೆಯನ್ನು ಜನರ ಮುಂದಿಟ್ಟರು: ಈ ಮೂರು ಊರುಗಳನ್ನು ಮತ್ತೆ ಬೇರೆ ಮಾಡಬೇಕೆ? ನೂರಕ್ಕೆ 60ಕ್ಕಿಂತ ಹೆಚ್ಚು ಜನ ಬೇರೆ ಮಾಡಬೇಕೆಂದರು. ಆದರೆ ಅಂಥ ಮತ ಸರ್ಕಾರವನ್ನು ಕಟ್ಟಿಹಾಕುವುದಿಲ್ಲ. 2024ರ ಸೆಪ್ಟೆಂಬರಿನಲ್ಲಿ ಚುನಾವಣೆ ಬಂದಾಗ ಜನ ಮತ ಹಾಕಿದ್ದು ಇನ್ನರ್ ವೆಸ್ಟ್ ಪೌರಸಭೆಗೇ.

ಕಾರ್ಯದರ್ಶಿಗಳು ಎರಡನೆಯ ಸಲ ಗಡಿಯಾರ ನೋಡಿದರು. ಚಹಾ ಬಂದಿದೆ. ಕಾಕಸಿನ ಶಿಸ್ತಿನ ಬಗ್ಗೆ ನಾನು ಹೇಳಿದ್ದನ್ನು ಒಪ್ಪದವರು ಇಲ್ಲಿ ಇದ್ದಾರೆಂದು ಮುಖ ನೋಡಿದರೆ ತಿಳಿಯುತ್ತದೆ. ಮೊದಲು ಅವರೇ ಎದ್ದು ಕೇಳಲಿ.